ಲಾಹೋರಿನ ಜಾದೂಘರ್: ಒಂದು ಮೇಸನಿಕ್ ಲಾಡ್ಜಿನ ಚರಿತ್ರೆ ಮತ್ತು ಒಬ್ಬ ಕವಿಯ ನೆನಪು

ರಡ್ಯಾರ್ಡ್ ಕಿಪ್ಲಿಂಗನ ‘ಕಿಮ್’ ಕಾದಂಬರಿಯ (1901) ಮೊದಲ ಅಧ್ಯಾಯದಲ್ಲಿಯೇ ಲಾಹೋರಿನ ಎರಡು ಮನೆಗಳ ಹೆಸರು ಬರುತ್ತದೆ. ಒಂದು ಅಜಾಯಿಬ್ ಘರ್, ಅಂದರೆ ವಸ್ತುಸಂಗ್ರಹಾಲಯ. ಇನ್ನೊಂದು ಜಾದೂಘರ್, ಅಂದರೆ ಮಾಟದ ಮನೆ. ಮೊದಲನೆಯದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಟಿಬೆಟಿನ ಲಾಮಾ ಬುದ್ಧನ ಶಿಲ್ಪಗಳನ್ನು ಅರಸಿಕೊಂಡು ಅಲ್ಲಿಗೆ ಬರುತ್ತಾನೆ. ಎರಡನೆಯದರ ಬಾಗಿಲು ಮುಚ್ಚಿರುತ್ತದೆ. ಒಳಗೆ ನಡೆಯುವುದೇನೆಂದು ಬೀದಿಯ ಜನಕ್ಕೆ ತಿಳಿಯದು. ತಿಳಿಯದುದನ್ನು ಜನ ಮಾಟವೆಂದು ಕರೆದರು. ಆ ಮನೆ ಫ್ರೀಮೇಸನ್ನರ ಸಭಾಗೃಹವಾಗಿತ್ತು.

ಕಾದಂಬರಿಕಾರನಿಗೆ ಆ ಮನೆಯ ಒಳಗೂ ಹೊರಗೂ ಗೊತ್ತಿತ್ತು. ‘ಹೋಪ್ ಅಂಡ್ ಪರ್ಸೆವರೆನ್ಸ್’, ಎಂದರೆ ಭರವಸೆ ಮತ್ತು ಬಿಡದ ಪ್ರಯತ್ನ, ಎಂಬ ಹೆಸರಿನ, ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಪಟ್ಟಿಯಲ್ಲಿ 782ನೆಯ ಸಂಖ್ಯೆಯ ಲಾಹೋರಿನ ಲಾಡ್ಜಿಗೆ ಕಿಪ್ಲಿಂಗ್ 1886ರಲ್ಲಿ ಸದಸ್ಯನಾದನು. ಹತ್ತು ವರ್ಷಗಳ ಬಳಿಕ ಇಂಗ್ಲಿಷ್ ಓದುಗರೆಲ್ಲ ಆ ಲಾಡ್ಜನ್ನು ‘ದ ಮದರ್ ಲಾಡ್ಜ್’ ಎಂಬ ಕವಿತೆಯ ಮೂಲಕ ಅರಿತರು. ಬ್ರಿಟಿಷ್ ಆಳ್ವಿಕೆಯ ನಡುವೆಯೇ ಹಿಂದೂ, ಮುಸಲ್ಮಾನ, ಸಿಖ್ಖ, ಪಾರಸಿ, ಯೆಹೂದಿ, ಕ್ರೈಸ್ತರು ಸೋದರರಾಗಿ ಕುಳಿತ ಮನೆಯೊಂದಿತ್ತು ಎಂಬುದಕ್ಕೆ ಈ ಕವಿತೆ ಸಾಕ್ಷಿಯೆಂದು ಅನೇಕರು ಬಗೆದಿದ್ದಾರೆ. ಸಾಹಿತ್ಯಕೃತಿಯನ್ನು ಚರಿತ್ರೆಯ ಆಕರವಾಗಿ ಬಳಸುವವರಿಗೆ ಇಲ್ಲಿ ಒಂದು ಗಂಭೀರ ಪ್ರಶ್ನೆಯಿದೆ. ಕವಿತೆಯ ಲಾಡ್ಜ್ ಮತ್ತು ಲಾಹೋರಿನ ಲಾಡ್ಜ್ ಒಂದೆಯೇ? ಒಂದಲ್ಲವಾದರೆ ಅವುಗಳ ನಡುವಿನ ಅಂತರ ಏನನ್ನು ಹೇಳುತ್ತದೆ?

ಕಲ್ಲುಕುಟಿಗರ ಸಲಕರಣೆ, ಮಹನೀಯರ ಸಂಘ

ಫ್ರೀಮೇಸನ್ರಿಯ ಪರಿಭಾಷೆಯೆಲ್ಲವೂ ಕಟ್ಟಡದ ಕೆಲಸದಿಂದ ಬಂದುದು. ಮಧ್ಯಯುಗದ ಬ್ರಿಟನ್ನಿನಲ್ಲಿ ಚರ್ಚು ಕೋಟೆಗಳನ್ನು ಕಟ್ಟುತ್ತಿದ್ದ ಕಲ್ಲುಕೆಲಸದವರು ಕೆಲಸದ ಸ್ಥಳದಲ್ಲಿ ಹಾಕಿಕೊಳ್ಳುತ್ತಿದ್ದ ಕೊಟ್ಟಿಗೆಗೆ ಲಾಡ್ಜ್ ಎಂದು ಹೆಸರಿತ್ತು. ಕಾಲಕ್ರಮದಲ್ಲಿ ಕಲ್ಲು ಮುಟ್ಟದ ಸಿರಿವಂತರೂ ವಿದ್ವಾಂಸರೂ ಇಂಥ ಸಂಘಗಳಿಗೆ ಸೇರಿದರು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದುವು. 1723ರಲ್ಲಿ ಜೇಮ್ಸ್ ಆಂಡರ್ಸನ್ ಸಿದ್ಧಪಡಿಸಿದ ನಿಯಮಸಂಹಿತೆ ಅಚ್ಚಾಯಿತು. ಮೂಲೆಮಟ್ಟ, ಕೈವಾರ, ತೂಗುಗುಂಡು, ಮಟ್ಟಗೋಲುಗಳು ಅಂದಿನಿಂದ ನೀತಿಯ ಸಂಕೇತಗಳಾದುವು. ಮೂಲೆಮಟ್ಟ ನೇರ ನಡತೆಗೆ ಸಂಕೇತ, ಮಟ್ಟಗೋಲು ಸಮಾನತೆಗೆ. ಲಾಡ್ಜಿನೊಳಗೆ ಸೇರಿದವರೆಲ್ಲರೂ ಒಂದೇ ಮಟ್ಟದಲ್ಲಿ ಕುಳಿತವರು ಎಂಬುದು ಈ ಸಂಘದ ಮೂಲ ಪ್ರತಿಜ್ಞೆ.

ಆಂಡರ್ಸನ್ನನ ಸಂಹಿತೆ ಮತದ ವಿಷಯದಲ್ಲಿ ತನ್ನ ಕಾಲಕ್ಕೆ ಉದಾರವಾಗಿತ್ತು. ಸದಸ್ಯನಾಗುವವನು ಇಂಥದೇ ಪಂಥಕ್ಕೆ ಸೇರಿರಬೇಕೆಂಬ ಕಟ್ಟಳೆಯಿಲ್ಲ. ಎಲ್ಲರೂ ಒಪ್ಪುವ ಧರ್ಮವೊಂದನ್ನು, ಅಂದರೆ ಸಚ್ಚಾರಿತ್ರ್ಯವನ್ನು ಪಾಲಿಸಿದರೆ ಸಾಕು. ದೇವರಲ್ಲಿ ನಂಬಿಕೆ ಮಾತ್ರ ಅಗತ್ಯ. ಪ್ರಮಾಣವನ್ನು ಅವರವರ ಪವಿತ್ರ ಗ್ರಂಥದ ಮೇಲೆ ಮಾಡಬಹುದು. ಲಂಡನ್ನಿನಲ್ಲಿ ಈ ಔದಾರ್ಯದ ವ್ಯಾಪ್ತಿ ಕ್ರೈಸ್ತ ಪಂಥಗಳನ್ನೂ ಯೆಹೂದಿಗಳನ್ನೂ ದಾಟಿ ಹೋಗಬೇಕಾದ ಸಂದರ್ಭ ಬರಲಿಲ್ಲ. ಹಡಗು ಭಾರತಕ್ಕೆ ಬಂದಾಗ ಆ ಸಂದರ್ಭ ಬಂದಿತು.

ಕಲ್ಕತ್ತೆಯಲ್ಲಿ 1730ರ ಹೊತ್ತಿಗೆ ಭಾರತದ ಮೊದಲ ಲಾಡ್ಜ್ ಆರಂಭವಾಗಿತ್ತು. ಬಹುಕಾಲ ಇವು ಈಸ್ಟ್ ಇಂಡಿಯಾ ಕಂಪೆನಿಯ ನೌಕರರು ಹಾಗೂ ಸೈನ್ಯಾಧಿಕಾರಿಗಳ ಕೂಟಗಳಾಗಿದ್ದುವು. ಸೈನ್ಯ ಹೋದಲ್ಲಿಗೆ ಲಾಡ್ಜೂ ಹೋಯಿತು. ಮದರಾಸು, ಮುಂಬಯಿಗಳಲ್ಲಿದ್ದಂತೆ ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ 19ನೆಯ ಶತಮಾನದಲ್ಲಿ ಲಾಡ್ಜುಗಳು ನಡೆದುವು. ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮರಾನಂಥವನು 18ನೆಯ ಶತಮಾನದಲ್ಲಿಯೇ ದೀಕ್ಷೆ ಪಡೆದುದುಂಟು. ಆದರೆ ರಾಜಪುತ್ರನಿಗೆ ತೆರೆದ ಬಾಗಿಲು ವ್ಯಾಪಾರಿಗೂ ವಕೀಲನಿಗೂ ತೆರೆಯಲಿಲ್ಲ. ಮುಂಬಯಿಯ ಪಾರಸಿ ಮಾಣೆಕ್‌ಜಿ ಕರ್ಸೆಟ್‌ಜಿ ತನ್ನೂರಿನಲ್ಲಿ ಪ್ರವೇಶ ಸಿಗದೆ ಯೂರೋಪಿನಲ್ಲಿ ದೀಕ್ಷೆ ಪಡೆದು ಬಂದನು. 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ಸ್ಕಾಟ್ ವೈದ್ಯನು ಭಾರತೀಯರಿಗೆಂದೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜನ್ನು ಮುಂಬಯಿಯಲ್ಲಿ ತೆರೆದ ಮೇಲೆ ಅಲ್ಲಿ ದಾರಿ ಸುಗಮವಾಯಿತು.

ಹಿಂದೂಗಳ ಮಾತು ಇನ್ನೂ ಕಠಿನವಾಯಿತು. ಅನೇಕ ದೇವತೆಗಳನ್ನು ಪೂಜಿಸುವವನು ವಿಶ್ವಶಿಲ್ಪಿಯಾದ ಏಕದೇವನ ಹೆಸರಿನಲ್ಲಿ ಪ್ರಮಾಣ ಮಾಡಬಲ್ಲನೇ, ಜಾತಿಭೇದವನ್ನು ಪಾಲಿಸುವವನು ಸಮಾನತೆಯ ವ್ರತವನ್ನು ತೊಡಬಲ್ಲನೇ ಎಂಬ ಆಕ್ಷೇಪಗಳೆದ್ದುವು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತನೆಂಬವನು 1863ರಲ್ಲಿ ಪ್ರವೇಶ ಕೋರಿದನು. ಜಿಲ್ಲಾ ಅಧಿಕಾರಿಗಳು ಅಡ್ಡಬಂದರು. ವಾದ ಲಂಡನ್ನಿನವರೆಗೆ ಹೋಯಿತು. ಅವನಿಗೆ ದೀಕ್ಷೆಯಾದುದು 1872ರಲ್ಲಿ. ಒಂಬತ್ತು ವರ್ಷ ಬಾಗಿಲಲ್ಲಿ ನಿಂತ ಆ ಮನುಷ್ಯನ ಛಲದಿಂದ ತೆರೆದ ದಾರಿಯಲ್ಲಿ ಮುಂದೆ ಹಲವರು ನಡೆದರು. 1884ರಲ್ಲಿ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜಿಗೆ ಸೇರಿದ ನರೇಂದ್ರನಾಥ ದತ್ತ, ಎಂದರೆ ಮುಂದಿನ ಸ್ವಾಮಿ ವಿವೇಕಾನಂದರು, ಅವರಲ್ಲಿ ಒಬ್ಬರು. ಆದುದರಿಂದ ಕಿಪ್ಲಿಂಗ್ ಲಾಹೋರಿನ ಲಾಡ್ಜಿನಲ್ಲಿ ಹಿಂದೂ ಸೋದರರನ್ನು ಕಂಡನೆಂದರೆ, ಅವನು ಕಂಡುದು ಹಳೆಯ ಸಂಪ್ರದಾಯವನ್ನಲ್ಲ; ಹದಿನಾಲ್ಕೇ ವರ್ಷಗಳ ಹಿಂದೆ ಜಗಳವಾಡಿ ಗೆದ್ದ ಹಕ್ಕನ್ನು.

1886ರ ಲಾಹೋರು

ಪಂಜಾಬು ಬ್ರಿಟಿಷರ ವಶವಾದುದು 1849ರಲ್ಲಿ. 1862ರಲ್ಲಿ ಲಾಹೋರು ಮತ್ತು ಅಮೃತಸರದ ನಡುವೆ ರೈಲು ಓಡಿತು. ರೈಲಿನ ಹಿಂದೆಯೇ ಕಾರ್ಯಾಗಾರ, ದಾಸ್ತಾನು ಕಚೇರಿ, ಸರ್ವೆ ಇಲಾಖೆ, ಸೆರೆಮನೆ, ನ್ಯಾಯಾಲಯಗಳು ಬೆಳೆದುವು. ಹಳೆಯ ಕೋಟೆಯೂರಿನ ಪಕ್ಕದಲ್ಲಿ ಗುಮಾಸ್ತರ, ಎಂಜಿನಿಯರರ, ವಕೀಲರ ಹೊಸ ಊರು ಎದ್ದಿತು. ಈ ಹೊಸ ಊರಿಗೆ ಬಂಗಾಳದಿಂದ ಬಾಬುಗಳೂ, ಮುಂಬಯಿಯಿಂದ ಪಾರಸಿ ವ್ಯಾಪಾರಿಗಳೂ ಬಂದರು. ಅನಾರಕಲಿಯ ಬಳಿಯಲ್ಲಿದ್ದ ಮೇಸನ್ನರ ಹಳೆಯ ಸಭಾಗೃಹದಿಂದಾಗಿ ಅಲ್ಲಿಯ ಬೀದಿಗೆ ಲಾಡ್ಜ್ ರೋಡ್ ಎಂಬ ಹೆಸರೇ ಬಿದ್ದಿತು.

ಕೂಟಗಳೂ ಸಮಾಜಗಳೂ ಹುಟ್ಟುವ ಕಾಲವದು. ಲಾಹೋರಿನ ಬ್ರಾಹ್ಮಸಮಾಜ 1860ರ ದಶಕದಿಂದ ನಡೆದುಬಂದಿತ್ತು. 1877ರಲ್ಲಿ ದಯಾನಂದ ಸರಸ್ವತಿಯವರು ಇಲ್ಲಿ ಆರ್ಯಸಮಾಜವನ್ನು ಸ್ಥಾಪಿಸಿದರು. 1881ರಲ್ಲಿ ದಯಾಳ್ ಸಿಂಗ್ ಮಜೀಠಿಯಾ ‘ಟ್ರಿಬ್ಯೂನ್’ ಪತ್ರಿಕೆಯನ್ನು ಹೊರಡಿಸಿದನು. 1882ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಕಿಪ್ಲಿಂಗನ ದೀಕ್ಷೆ ನಡೆದ 1886ರಲ್ಲಿಯೇ ದಯಾನಂದ ಆಂಗ್ಲೋ-ವೇದಿಕ್ ಶಾಲೆ ಬಾಗಿಲು ತೆರೆಯಿತು. ಹುಟ್ಟಿದ ಜಾತಿಯಿಂದಲ್ಲ, ಆರಿಸಿಕೊಂಡ ತತ್ತ್ವದಿಂದ ಮನುಷ್ಯರು ಒಂದೆಡೆ ಸೇರುವ ಬಗೆಯನ್ನು ಈ ನಗರ ಕಲಿಯತೊಡಗಿತ್ತು. ಮೇಸನಿಕ್ ಲಾಡ್ಜಿಗೆ ಲಾಹೋರಿನ ಭಾರತೀಯರು ಸೇರಿದುದಕ್ಕೆ ಬ್ರಿಟಿಷರ ಕೃಪೆಯೊಂದೇ ಕಾರಣವಲ್ಲ. ಇಂಥ ಕೂಟದ ಅಭಿರುಚಿ ಅವರಲ್ಲಿಯೂ ಬೆಳೆದಿತ್ತು.

ಇದೇ ನಗರದಲ್ಲಿ ಇದಕ್ಕೆ ತದ್ವಿರುದ್ಧವಾದ ಗೋಡೆಗಳೂ ಇದ್ದುವು. ಕಿಪ್ಲಿಂಗ್ 1882ರಲ್ಲಿ, ಹದಿನೇಳು ತುಂಬುವ ಮೊದಲೇ, ‘ಸಿವಿಲ್ ಅಂಡ್ ಮಿಲಿಟರಿ ಗೆಜೆಟ್’ ಪತ್ರಿಕೆಯ ಉಪಸಂಪಾದಕನಾಗಿ ಲಾಹೋರಿಗೆ ಬಂದನು. ಅವನ ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿಯ ಮೇಯೋ ಕಲಾಶಾಲೆಯ ಮುಖ್ಯಸ್ಥ, ವಸ್ತುಸಂಗ್ರಹಾಲಯದ ಮೇಲ್ವಿಚಾರಕ. ಮರುವರ್ಷವೇ ಇಲ್ಬರ್ಟ್ ಮಸೂದೆಯ ಗಲಭೆ ಎದ್ದಿತು. ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧೀಶನು ಯೂರೋಪಿಯನ್ನನ ವಿಚಾರಣೆ ನಡೆಸಬಹುದೆಂಬ ಪ್ರಸ್ತಾಪವದು. ಯೂರೋಪಿಯನ್ನರು ರೊಚ್ಚಿಗೆದ್ದರು; ತನ್ನ ಪತ್ರಿಕೆ ಮಸೂದೆಯ ಬಗ್ಗೆ ಮೆತ್ತಗಾಯಿತೆಂಬ ಕಾರಣಕ್ಕೆ ಕ್ಲಬ್ಬಿನಲ್ಲಿ ಊಟಕ್ಕೆ ಕುಳಿತಾಗ ಸುತ್ತಲಿನವರು ತನ್ನನ್ನು ಹೀಯಾಳಿಸಿದರೆಂದು ಕಿಪ್ಲಿಂಗ್ ಆತ್ಮಕಥೆಯಲ್ಲಿ ನೆನೆಯುತ್ತಾನೆ. ಕೊನೆಗೆ 1884ರಲ್ಲಿ ಮಸೂದೆ ಬಹುಮಟ್ಟಿಗೆ ತನ್ನ ಹಲ್ಲು ಕಳೆದುಕೊಂಡು ಕಾನೂನಾಯಿತು.

ಹೀಗೆ ಒಂದೇ ನಗರದಲ್ಲಿ ಎರಡು ಕೂಟಗಳು. ಕ್ಲಬ್ಬು ಬಿಳಿಯರದು, ಅಲ್ಲಿ ಭಾರತೀಯನಿಗೆ ಸೇವಕನಾಗಿಯಲ್ಲದೆ ಪ್ರವೇಶವಿಲ್ಲ. ಲಾಡ್ಜು ಕೆಲವೇ ಮಂದಿ ಭಾರತೀಯರಿಗಾದರೂ ತೆರೆದದ್ದು. ಇಪ್ಪತ್ತರ ಹರೆಯದ ಪತ್ರಕರ್ತ ಎರಡರಲ್ಲಿಯೂ ಓಡಾಡುತ್ತಿದ್ದನು. ಲಾಡ್ಜು ಅವನಿಗೇಕೆ ಅಷ್ಟು ಪ್ರಿಯವಾಯಿತೆಂಬುದನ್ನು ಈ ಜೋಡಿಯಲ್ಲಿಟ್ಟು ನೋಡಬೇಕು.

ದಾಖಲೆ ಹೇಳುವುದು

ಇಂಗ್ಲಿಷ್ ಸಂವಿಧಾನದ ಲಾಡ್ಜುಗಳಲ್ಲಿ ಆಗ ಇಪ್ಪತ್ತೊಂದು ತುಂಬಿದವರಿಗಷ್ಟೇ ದೀಕ್ಷೆ ದೊರೆಯುತ್ತಿತ್ತು. ಕಿಪ್ಲಿಂಗ್ ಹುಟ್ಟಿದುದು 1865ರ ಡಿಸೆಂಬರ್ 30ರಂದು. ವಿಶೇಷ ಅನುಮತಿ ಪಡೆದು 1886ರ ಏಪ್ರಿಲ್ 5ರಂದು ಅವನಿಗೆ ಮೊದಲ ದೀಕ್ಷೆ ನೀಡಲಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಮೈಮೇಲಿನ ಹಣವನ್ನೂ ಲೋಹವನ್ನೂ ತೆಗೆದಿರಿಸಿ, ಏನೂ ಇಲ್ಲದವನಾಗಿ ಹೊಸಿಲು ದಾಟುವ ಕ್ರಮವದು. ಮೇ ತಿಂಗಳಲ್ಲಿ ಎರಡನೆಯ ದೀಕ್ಷೆ. ಡಿಸೆಂಬರ್ 6ರಂದು ಮೂರನೆಯದಾದ ‘ಮಾಸ್ಟರ್ ಮೇಸನ್’ ಪದವಿ. ಆ ದಿನದ ಸಭೆಯ ನಡವಳಿಯನ್ನು ಬರೆದವನೂ ಅವನೇ. ತನ್ನ ಪದವಿಪ್ರದಾನವನ್ನು ತಾನೇ ದಾಖಲಿಸಿದ ಕಾರ್ಯದರ್ಶಿ. 1887ರಲ್ಲಿ ಅವನು ಲಾಡ್ಜಿನಲ್ಲಿ ಪ್ರಬಂಧಗಳನ್ನೂ ಓದಿದನು. ಅದೇ ವರ್ಷದ ನವೆಂಬರಿನಲ್ಲಿ ‘ಪಯೊನಿಯರ್’ ಪತ್ರಿಕೆಯ ಕೆಲಸಕ್ಕೆಂದು ಅಲಹಾಬಾದಿಗೆ ಹೋದನು. 1888ರಲ್ಲಿ ಅಲ್ಲಿಯ ‘ಇಂಡಿಪೆಂಡೆನ್ಸ್ ವಿತ್ ಫಿಲಾಂತ್ರಪಿ’ ಲಾಡ್ಜಿಗೆ ಸೇರಿಕೊಂಡನು. 1889ರ ಮಾರ್ಚಿನಲ್ಲಿ ಭಾರತವನ್ನೇ ಬಿಟ್ಟನು.

ಈ ದಿನಾಂಕಗಳನ್ನು ಒಂದರ ಪಕ್ಕದಲ್ಲೊಂದಿಟ್ಟರೆ ಲಾಹೋರಿನ ಲಾಡ್ಜಿನೊಡನೆ ಅವನ ಒಡನಾಟ ಎಷ್ಟು ಕಾಲದ್ದೆಂದು ತಿಳಿಯುತ್ತದೆ: ಮೊದಲ ದೀಕ್ಷೆಯಿಂದ ಊರು ಬಿಡುವವರೆಗೆ ಇಪ್ಪತ್ತು ತಿಂಗಳೂ ಇಲ್ಲ, ಮಾಸ್ಟರ್ ಮೇಸನ್ ಆದ ಮೇಲೆ ಒಂದು ವರ್ಷವೂ ಇಲ್ಲ. ಲಾಡ್ಜಿನ ಕಡತಗಳನ್ನು ಪರಿಶೀಲಿಸಿದ ಮೇಸನಿಕ್ ಚರಿತ್ರಕಾರರಿಗೆ ಕಂಡ ಇನ್ನೊಂದು ಅಂಶವೆಂದರೆ, ಆ ವರ್ಷಗಳಲ್ಲಿ ಸದಸ್ಯರಲ್ಲಿ ಬಹುಪಾಲು ಇಂಗ್ಲಿಷರೇ ಇದ್ದರು, ಭಾರತೀಯರು ಬೆರಳೆಣಿಕೆಯಷ್ಟು.

ಈಗ ಕಿಪ್ಲಿಂಗನ ಸ್ವಂತ ನೆನಪುಗಳತ್ತ ತಿರುಗಬಹುದು. ಅವು ಮೂರು ಕಾಲಘಟ್ಟಗಳಲ್ಲಿ ದೊರೆಯುತ್ತವೆ. ಮೊದಲನೆಯದು 1896ರ ‘ದ ಸೆವೆನ್ ಸೀಸ್’ ಸಂಕಲನದಲ್ಲಿರುವ ಕವಿತೆ. ಎರಡನೆಯದು 1925ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ. ಮೂರನೆಯದು ಅವನ ಮರಣಾನಂತರ 1937ರಲ್ಲಿ ಪ್ರಕಟವಾದ ‘ಸಮ್‌ಥಿಂಗ್ ಆಫ್ ಮೈಸೆಲ್ಫ್’ ಎಂಬ ಆತ್ಮಕಥೆ.

ಆತ್ಮಕಥೆಯಲ್ಲಿ ಅವನು ತನ್ನ ದೀಕ್ಷೆಯ ವರ್ಷವನ್ನು 1885 ಎಂದು ಬರೆಯುತ್ತಾನೆ. ದಾಖಲೆ 1886 ಎನ್ನುತ್ತದೆ. ಒಳ್ಳೆಯ ಕಾರ್ಯದರ್ಶಿ ದೊರೆಯಬಹುದೆಂಬ ಆಸೆಯಿಂದ ಲಾಡ್ಜಿನವರು ತನ್ನನ್ನು ವಯಸ್ಸು ತುಂಬುವ ಮೊದಲೇ ಸೇರಿಸಿಕೊಂಡರು, ಆದರೆ ಅವರ ಆಸೆ ಕೈಗೂಡಲಿಲ್ಲ ಎಂದು ತನ್ನನ್ನೇ ಹಾಸ್ಯ ಮಾಡಿಕೊಳ್ಳುತ್ತಾನೆ. ತಂದೆಯ ಸಲಹೆ ಪಡೆದು, ಬೋಳಾಗಿದ್ದ ಗೋಡೆಗಳಿಗೆ ಸೊಲೊಮನ್ನನ ದೇವಾಲಯದ ಮಾದರಿಯಲ್ಲಿ ತೂಗುಪರದೆಗಳನ್ನು ಹಾಕಿಸಿದುದಾಗಿ ಹೇಳುತ್ತಾನೆ. 1925ರ ಪತ್ರದಲ್ಲಾದರೋ ತಾನು ಕೆಲವು ವರ್ಷಗಳ ಕಾಲ ಕಾರ್ಯದರ್ಶಿಯಾಗಿದ್ದೆನೆಂಬ ಮಾತಿದೆ. ಮೊದಲ ದೀಕ್ಷೆಯ ಮರುದಿನವೇ ಆ ಕೆಲಸ ಕೈಗೆ ಬಂದಿತೆಂದಿಟ್ಟುಕೊಂಡರೂ ಲಾಹೋರಿನಲ್ಲಿ ಅವನು ಕಳೆದ ಕಾಲಕ್ಕೆ ಈ ಮಾತು ಹೊಂದುವುದಿಲ್ಲ. ಒಂದೂವರೆ ವರ್ಷದ ಅನುಭವ ನಾಲ್ಕು ದಶಕಗಳ ದೂರದಲ್ಲಿ ಹಲವು ವರ್ಷಗಳಾಗಿ ಹಿಗ್ಗಿದೆ.

ಕವಿತೆಯ ಲಾಡ್ಜ್

‘ದ ಮದರ್ ಲಾಡ್ಜ್’ ಕವಿತೆಯನ್ನು ಕಿಪ್ಲಿಂಗನ ನೇರ ಮಾತೆಂದು ಓದುವುದು ಮೊದಲ ತಪ್ಪು. ಸಂಕಲನದಲ್ಲಿ ಅದರ ಸ್ಥಾನ ಸಿಪಾಯಿಗಳ ಲಾವಣಿಗಳ ನಡುವೆ. ಭಾಷೆ ಅಕ್ಷರ ನುಂಗುವ ಸಾಮಾನ್ಯ ಸೈನಿಕನದು. ಮಾತಾಡುವವನು ತಾನು ಲಾಡ್ಜಿನಲ್ಲಿ ‘ಜೂನಿಯರ್ ಡೀಕನ್’ ಆಗಿದ್ದೆನೆನ್ನುತ್ತಾನೆ. ಕವಿ ಆಗಿದ್ದುದು ಕಾರ್ಯದರ್ಶಿ. ಊರು ಬಿಟ್ಟು ದೂರ ಬಂದ ಆ ಸೈನಿಕ ತನ್ನ ತಾಯಿಲಾಡ್ಜಿನ ಸೋದರರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತಾನೆ: ಸ್ಟೇಷನ್ ಮಾಸ್ಟರ್ ರಂಡಲ್, ರೈಲ್ವೆಯ ಬೀಜ್ಲಿ, ಸೈನ್ಯದ ದಾಸ್ತಾನಿನ ಆಕ್‌ಮನ್, ಸೆರೆಮನೆಯ ಡಾಂಕಿನ್, ಎರಡು ಸಲ ಲಾಡ್ಜಿನ ಮಾಸ್ಟರ್ ಆಗಿದ್ದ ಸಾರ್ಜೆಂಟ್ ಬ್ಲೇಕ್, ವಿಲಾಯತಿ ಸಾಮಾನಿನ ಅಂಗಡಿಯ ಮುದುಕ ಫ್ರಾಮ್‌ಜಿ ಎದುಲ್‌ಜಿ, ಲೆಕ್ಕಪತ್ರದ ಭೋಲಾನಾಥ, ಏಡನ್ನಿನ ಯೆಹೂದಿ ಸಾಲ್, ಸರ್ವೆ ಕಚೇರಿಯ ನಕ್ಷೆಗಾರ ದೀನ್ ಮಹಮ್ಮದ್, ಬಾಬು ಚಕ್ರವರ್ತಿ, ಸಿಖ್ಖ ಅಮೀರ್ ಸಿಂಗ್, ಕಾರ್ಯಾಗಾರದ ರೋಮನ್ ಕ್ಯಾಥೊಲಿಕ್ ಕ್ಯಾಸ್ಟ್ರೊ.

ಈ ಪಟ್ಟಿಯನ್ನು ವಿಮರ್ಶಕರು ಸಾಮಾನ್ಯವಾಗಿ ಮತಗಳ ಪಟ್ಟಿಯಾಗಿ ಓದಿದ್ದಾರೆ. ಅದನ್ನು ಕಸುಬುಗಳ ಪಟ್ಟಿಯಾಗಿಯೂ ಓದಬೇಕು. ರೈಲು, ದಾಸ್ತಾನು, ಸೆರೆಮನೆ, ಲೆಕ್ಕ, ಸರ್ವೆ: ಹೆಚ್ಚಿನವರು ವಸಾಹತು ಆಡಳಿತದ ಒಂದೊಂದು ಕಚೇರಿಯ ನಡುಮಟ್ಟದ ನೌಕರರು. ಪಂಜಾಬಿನ ರೈತನಿಲ್ಲ, ಕೋಟೆಯೂರಿನ ಕುಶಲಕರ್ಮಿಯಿಲ್ಲ. ಹೆಂಗಸರಿಗೆ ಈ ಸಂಘದ ಕಟ್ಟಳೆಯಲ್ಲಿಯೇ ಸ್ಥಾನವಿಲ್ಲ. ಕವಿತೆಯಲ್ಲಿ ಮೇಲಧಿಕಾರಿಗಳೂ ಇಲ್ಲ. ಸಮಾನತೆ ಸಾಧ್ಯವಾಗಿ ತೋರುವುದಕ್ಕೆ ಕವಿ ಎಲ್ಲರನ್ನೂ ಆಗಲೇ ಹೆಚ್ಚುಕಡಮೆ ಸಮವಾದ ಅಂತಸ್ತಿನಿಂದ ಆರಿಸಿಕೊಂಡಿದ್ದಾನೆ. ಮಟ್ಟಗೋಲನ್ನು ಇಡುವ ಮೊದಲೇ ನೆಲವನ್ನು ಸಮ ಮಾಡಿಟ್ಟಿದ್ದಾನೆ.

ಆದರೂ ಕವಿತೆ ಸುಳ್ಳಿನ ಸಿಹಿಯನ್ನು ಹಂಚುವುದಿಲ್ಲ. ಬಾಗಿಲ ಹೊರಗೆ ಸಲಾಮು, ಸರ್, ಸಾರ್ಜೆಂಟ್ ಎಂಬ ಮಾತುಗಳಿವೆ, ಒಳಗೆ ಸೋದರ ಎಂಬುದೊಂದೇ ಸಂಬೋಧನೆ ಎಂದು ಅದು ಸ್ಪಷ್ಟವಾಗಿ ಒಪ್ಪುತ್ತದೆ. ಸಮಾನತೆಗೆ ಅಲ್ಲಿ ಹೊಸಿಲಿದೆ. ಅದು ಹೊರಗಿನ ಜಗತ್ತನ್ನು ಬದಲಿಸುವ ಭರವಸೆ ಕೊಡುವುದಿಲ್ಲ. ಕ್ಯಾಸ್ಟ್ರೊವಿನ ಹೆಸರಿನಲ್ಲಿಯೂ ಸೂಕ್ಷ್ಮವಿದೆ. 1738ರಲ್ಲಿಯೇ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಕ್ಯಾಥೊಲಿಕರು ಮೇಸನ್ನರಾಗಕೂಡದೆಂದು ಶಾಸನ ಹೊರಡಿಸಿದ್ದನು. ಜಾತಿಯ ಕಟ್ಟನ್ನು ದಾಟಿ ಬಂದ ಭೋಲಾನಾಥನ ಪಕ್ಕದಲ್ಲಿ ತನ್ನ ಚರ್ಚಿನ ನಿಷೇಧವನ್ನು ದಾಟಿ ಬಂದ ಕ್ಯಾಸ್ಟ್ರೊ ಕುಳಿತಿದ್ದಾನೆ. ಗೆರೆ ದಾಟುವ ಬೆಲೆ ಪೂರ್ವದವರಿಗೆ ಮಾತ್ರ ಮೀಸಲಲ್ಲ ಎಂಬುದನ್ನು ಈ ಒಂದು ಹೆಸರು ಸೂಚಿಸುತ್ತದೆ.

ಲಾಡ್ಜಿನ ಸಭೆಯಲ್ಲಿ ಮತ ಮತ್ತು ರಾಜಕೀಯಗಳ ಚರ್ಚೆ ನಿಷಿದ್ಧ. ಕವಿತೆಯಲ್ಲಿ ನಿಜವಾದ ಮಾತುಕತೆ ಆರಂಭವಾಗುವುದು ವಿಧಿಗಳೆಲ್ಲ ಮುಗಿದ ಮೇಲೆ, ಹೊಗೆ ಸೇದುತ್ತ ಕುಳಿತಾಗ. ಪ್ರತಿಯೊಬ್ಬನೂ ತಾನು ಬಲ್ಲ ದೇವರ ಕುರಿತು ಹೇಳುತ್ತಾನೆ. ಬೆಳಗಾಗುವ ತನಕ ಯಾರೂ ಏಳುವುದಿಲ್ಲ. ಸೋದರಭಾವ ಅರಳಿದುದು ನಿಯಮದ ಒಳಗಲ್ಲ, ನಿಯಮ ಸಡಿಲವಾದ ಹೊತ್ತಿನಲ್ಲಿ. ಇಡೀ ಕವಿತೆಯಲ್ಲಿ ಅತ್ಯಂತ ಜೀವಂತವಾದ ಭಾಗವಿದು.

ಬರಿದಾದ ತಟ್ಟೆಗಳು

ಊಟದ ಪ್ರಸಂಗದಲ್ಲಿ ಕಿಪ್ಲಿಂಗನ ಎರಡು ಸಾಕ್ಷ್ಯಗಳು ಒಂದನ್ನೊಂದು ಒಪ್ಪುವುದಿಲ್ಲ. ಯಾವನಾದರೂ ಸೋದರನ ಜಾತಿ ಕೆಟ್ಟೀತೆಂಬ ಅಂಜಿಕೆಯಿಂದ ತಮ್ಮಲ್ಲಿ ಔತಣವೇ ಇರಲಿಲ್ಲವೆಂದು 1896ರ ಕವಿತೆಯ ಸೈನಿಕ ಹೇಳುತ್ತಾನೆ. 1925ರ ಪತ್ರದಲ್ಲಿ ಔತಣಗಳಿವೆ. ಶಾಸ್ತ್ರೋಕ್ತವಾಗಿ ಸಿದ್ಧವಾಗದ ಅನ್ನವನ್ನು ಉಣ್ಣಲಾರದ ಸೋದರರು ಬರಿದಾದ ತಟ್ಟೆಗಳ ಮುಂದೆ ಕುಳಿತಿರುತ್ತಿದ್ದರು. ತಮ್ಮಲ್ಲಿ ಕಾಣುತ್ತಿದ್ದ ಭೇದ ಅದೊಂದೇ ಎಂದು ಪತ್ರ ಸೇರಿಸುತ್ತದೆ.

ಪತ್ರದ ಚಿತ್ರವೇ ಹೆಚ್ಚು ನಂಬತಕ್ಕುದೆಂದು ತೋರುತ್ತದೆ. ಔತಣ ಮೇಸನ್ನರ ಆಚಾರದ ಒಂದು ಅಂಗ. ಇಂಗ್ಲಿಷರೇ ಬಹುಸಂಖ್ಯಾತರಾಗಿದ್ದ ಲಾಡ್ಜು ಅದನ್ನು ಪೂರ್ತಿ ಕೈಬಿಟ್ಟಿತೆಂಬುದು ಸಹಜವಲ್ಲ. ಪಂಕ್ತಿಭೇದದ ಚರಿತ್ರೆಯನ್ನು ಬಲ್ಲ ಭಾರತೀಯ ಓದುಗರಿಗೆ ಈ ಬರಿದಾದ ತಟ್ಟೆಯ ಅರ್ಥ ಬೇಗ ಹೊಳೆಯುತ್ತದೆ. ಪಂಕ್ತಿಯಿಂದ ಏಳುವುದು ಅವಮಾನ. ಉಣ್ಣುವುದು ಮನೆಯವರೊಡನೆ ಬಿರುಕು. ಉಣ್ಣದೆ ಕುಳಿತಿರುವುದು ಇವೆರಡರ ನಡುವಿನ ದಾರಿ. ಹಸಿದೂ ಎದ್ದುಹೋಗದೆ ಕೊನೆಯ ತನಕ ಕುಳಿತ ಆ ಸದಸ್ಯರು ಸೋದರತ್ವಕ್ಕೆ ತಮ್ಮ ಪಾಲಿನ ಬೆಲೆಯನ್ನು ತೆತ್ತರು. ಅಡಿಗೆಯ ವ್ಯವಸ್ಥೆಯನ್ನು ಬದಲಿಸಿ ಅವರ ತಟ್ಟೆ ತುಂಬಿಸಬೇಕೆಂಬ ಯೋಚನೆ ಯಾರಿಗಾದರೂ ಬಂದ ಸುಳಿವು ಪತ್ರದಲ್ಲಿಲ್ಲ. ಯಾರ ಕ್ರಮವೋ ಅದೇ ಎಲ್ಲರ ಕ್ರಮವಾಗಿದ್ದ ಮೇಜಿನ ಸುತ್ತ ‘ಸಮಾನತೆ’ ಎಂಬ ಮಾತಿಗೆ ಎಷ್ಟು ತೂಕವಿತ್ತೆಂಬುದನ್ನು ಆ ತಟ್ಟೆಗಳೇ ಹೇಳುತ್ತವೆ.

ಇನ್ನೊಂದು ವ್ಯತ್ಯಾಸವೂ ಗಮನಾರ್ಹ. ಕವಿತೆಯಲ್ಲಿ ಮಾಸ್ಟರನ ಪೀಠದಲ್ಲಿ ಕುಳಿತವನು ಬಿಳಿಯ ಸಾರ್ಜೆಂಟ್. ಭಾರತೀಯರು ಸೋದರರು, ಆದರೆ ಪೀಠಸ್ಥರಲ್ಲ. ಪತ್ರದಲ್ಲಿ ಮಾತು ಬೇರೆಯಾಗುತ್ತದೆ. ತನ್ನನ್ನು ಮೊದಲ ಪದವಿಗೆ ತಂದವನು ಬ್ರಾಹ್ಮಸಮಾಜದ ಒಬ್ಬ ಹಿಂದೂ, ಎರಡನೆಯದಕ್ಕೆ ಒಬ್ಬ ಮುಸಲ್ಮಾನ, ಮೂರನೆಯದಕ್ಕೆ ಒಬ್ಬ ಇಂಗ್ಲಿಷ್, ಬಾಗಿಲು ಕಾಯುವ ‘ಟೈಲರ್’ ಭಾರತದ ಯೆಹೂದಿ ಎಂದು ಕಿಪ್ಲಿಂಗ್ ಬರೆಯುತ್ತಾನೆ. ಮೂರು ಮೆಟ್ಟಿಲು, ಮೂರು ಮತ, ಬಾಗಿಲಲ್ಲಿ ನಾಲ್ಕನೆಯದು. ಬದುಕಿನ ಘಟನೆಗಳು ಇಷ್ಟು ಅಚ್ಚುಕಟ್ಟಾಗಿ ಜೋಡಣೆಯಾಗುವುದು ಅಪರೂಪ. ಕಥೆಗಾರನ ಕೈ ಇಲ್ಲಿ ಕೆಲಸ ಮಾಡಿರುವಂತಿದೆ. ಭಾರತೀಯ ನ್ಯಾಯಾಧೀಶನ ಮುಂದೆ ಇಂಗ್ಲಿಷನು ನಿಲ್ಲಲಾರೆನೆಂದು ಗದ್ದಲವೆದ್ದು ಮೂರೇ ವರ್ಷಗಳಾಗಿದ್ದ ಊರಿನಲ್ಲಿ, ಕಣ್ಣು ಕಟ್ಟಿದ ಇಂಗ್ಲಿಷ್ ತರುಣನನ್ನು ಹಿಂದೂ ಒಬ್ಬನು ಕೈಹಿಡಿದು ಬೆಳಕಿಗೆ ತಂದನೆಂಬ ಚಿತ್ರ ಎಷ್ಟು ಪರಿಣಾಮಕಾರಿಯೋ ಅಷ್ಟೇ ಎಚ್ಚರದಿಂದ ಬಳಸಬೇಕಾದುದು.

ಹೀಗೆ ಲಾಹೋರಿನಿಂದ ದೂರ ಸರಿದಷ್ಟೂ ಲಾಡ್ಜಿನ ಸಮಾನತೆ ಬೆಳೆಯುತ್ತದೆ. ಅದೇ ಹೊತ್ತಿನಲ್ಲಿ, ಕವಿತೆಯ ಛಂದಸ್ಸು ಮರೆಮಾಡಿದ್ದ ಬರಿದಾದ ತಟ್ಟೆಯಂಥ ಕಹಿವಿವರವೂ ಹೊರಬರುತ್ತದೆ. ನೆನಪು ಒಂದೆಡೆ ಹಿಗ್ಗಿ, ಮತ್ತೊಂದೆಡೆ ನಿಖರವಾಗುವುದುಂಟು. ಆದುದರಿಂದ ಆಕರಗಳಲ್ಲಿ ಒಂದನ್ನು ನಿಜವೆಂದೂ ಉಳಿದವನ್ನು ಸುಳ್ಳೆಂದೂ ತೀರ್ಮಾನಿಸುವುದು ಸರಿಯಾದ ಕ್ರಮವಲ್ಲ; ಪ್ರತಿಯೊಂದು ವಿವರವನ್ನೂ ಪ್ರತ್ಯೇಕವಾಗಿ ತೂಗಬೇಕಾಗುತ್ತದೆ.

ಸೋದರತ್ವದ ಇನ್ನೊಂದು ಮುಖ

ಕಿಪ್ಲಿಂಗನೇ ಈ ಸಂಘವನ್ನು ಬೇರೆ ಕಣ್ಣಿನಿಂದಲೂ ನೋಡಿದ್ದನು. ಕವಿತೆಗಿಂತ ಮೊದಲು, 1888ರಲ್ಲಿ, ಭಾರತದಲ್ಲಿದ್ದಾಗಲೇ ಬರೆದ ‘ದ ಮ್ಯಾನ್ ಹೂ ವುಡ್ ಬಿ ಕಿಂಗ್’ ಕತೆಯಲ್ಲಿ ಡ್ರಾವಟ್ ಮತ್ತು ಕಾರ್ನೆಹನ್ ಎಂಬ ಇಬ್ಬರು ಅಲೆಮಾರಿಗಳು ಕಾಫಿರಿಸ್ತಾನಕ್ಕೆ ಹೋಗಿ ರಾಜರಾಗಲು ಹವಣಿಸುತ್ತಾರೆ. ಅಲ್ಲಿಯ ಜನರಿಗೆ ಮೇಸನ್ನರ ಸಂಜ್ಞೆಗಳಲ್ಲಿ ಕೆಲವು ತಿಳಿದಿರುವುದನ್ನು ಕಂಡು, ಯಾರ ಅನುಮತಿಯೂ ಇಲ್ಲದೆ ಲಾಡ್ಜೊಂದನ್ನು ತೆರೆಯುತ್ತಾರೆ. ಅದರ ಬಲದಿಂದ ಡ್ರಾವಟ್ ದೇವರೆನಿಸಿಕೊಳ್ಳುತ್ತಾನೆ. ಮದುವೆಯಾಗಲು ಹೊರಟಾಗ ಹೆಣ್ಣು ಕಚ್ಚಿದ ಗಾಯದಿಂದ ರಕ್ತ ಬಂದು, ಅವನು ಬರಿಯ ಮನುಷ್ಯನೆಂಬುದು ಬಯಲಾಗುತ್ತದೆ. ಇಲ್ಲಿ ಲಾಡ್ಜು ಸಮಾನತೆಯ ಮನೆಯಲ್ಲ, ಆಳುವ ಉಪಾಯ. ಸೋದರತ್ವದ ಗುಟ್ಟು ಒಬ್ಬನ ಕೈಯಲ್ಲಿ ಮಾತ್ರ ಪೂರ್ತಿಯಾಗಿದ್ದರೆ ಅದು ಅಧಿಕಾರವಾಗುತ್ತದೆ ಎಂಬುದನ್ನು ಇಪ್ಪತ್ತೆರಡರ ಕಥೆಗಾರ ಅರಿತಿದ್ದನು.

‘ಕಿಮ್’ ಕಾದಂಬರಿಯಲ್ಲಿ ಮೂರನೆಯ ನೋಟವಿದೆ. ಐರಿಷ್ ಸೈನಿಕನಾಗಿದ್ದ ಕಿಮ್‌ನ ತಂದೆ ಅಫೀಮಿಗೂ ಕುಡಿತಕ್ಕೂ ಬಲಿಯಾಗಿ ಸತ್ತಾಗ ಮಗನಿಗೆ ಬಿಟ್ಟುಹೋದ ಆಸ್ತಿಯೆಂದರೆ ಮೂರು ಕಾಗದಗಳು. ಅವುಗಳಲ್ಲಿ ಮೇಸನಿಕ್ ಪ್ರಮಾಣಪತ್ರವೂ ಒಂದು. ಅವು ತಾಯಿತದ ಚೀಲದಲ್ಲಿ ಹೊಲಿಯಲ್ಪಟ್ಟು ಹುಡುಗನ 㕊ಕೊರಳಿನಲ್ಲಿ ತೂಗುತ್ತವೆ. ಸಾಕಿದ ಹೆಂಗಸಿಗೆ ಅವು ಮಂತ್ರ. ಮುಂದೆ ಅವನನ್ನು ಹಿಡಿದ ರೆಜಿಮೆಂಟಿನವರಿಗೆ ಗುರುತಿನ ಚೀಟಿ. ಬೀದಿಯ ಜನ ಜಾದೂಘರ್ ಎಂದು ಕರೆದುದಕ್ಕೆ ಕಿಪ್ಲಿಂಗ್ ನಗುವುದಿಲ್ಲ. ಅನಾಥ ಹುಡುಗನೊಬ್ಬನ ಬದುಕನ್ನು ಒಂದು ಕಾಗದ ತಿರುಗಿಸಬಲ್ಲುದಾದರೆ ಅದನ್ನು ಮಾಟವೆಂದವರ ಮಾತು ಪೂರ್ತಿ ತಪ್ಪಲ್ಲ.

ಮುಚ್ಚಿದ ಬಾಗಿಲು

20ನೆಯ ಶತಮಾನದಲ್ಲಿ ಲಾಹೋರಿನ ಮೇಸನ್ನರು ಮಾಲ್ ರಸ್ತೆಯಲ್ಲಿ ಭವ್ಯವಾದ ಹೊಸ ಸಭಾಗೃಹವನ್ನು ಕಟ್ಟಿಸಿದರು. 1947ರಲ್ಲಿ ದೇಶ ಇಬ್ಭಾಗವಾಯಿತು. ಕವಿತೆಯ ಭೋಲಾನಾಥನ, ಬಾಬು ಚಕ್ರವರ್ತಿಯ, ಅಮೀರ್ ಸಿಂಗನ ಸಮುದಾಯಗಳಿಗೆ ಸೇರಿದ ಜನ ಬಹುತೇಕ ಲಾಹೋರನ್ನೇ ತೊರೆದು ಹೋದರು. ಭಾರತದಲ್ಲಿ 1961ರ ನವೆಂಬರ್ 24ರಂದು ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಸ್ಥಾಪಿತವಾಗಿ ಸಂಘ ಮುಂದುವರಿಯಿತು. ಪಾಕಿಸ್ತಾನದಲ್ಲಿ 1972ರಲ್ಲಿ ಜುಲ್ಫಿಕರ್ ಅಲಿ ಭುಟ್ಟೋ ಸರ್ಕಾರ ಫ್ರೀಮೇಸನ್ರಿಯನ್ನು ನಿಷೇಧಿಸಿ ಆಸ್ತಿಗಳನ್ನು ವಶಪಡಿಸಿಕೊಂಡಿತು. ಮಾಲ್ ರಸ್ತೆಯ ಸಭಾಗೃಹ ಸರ್ಕಾರಿ ಕಚೇರಿಯಾಯಿತು. ಗುಟ್ಟಿನ ಮನೆಯನ್ನು ಜನ ಮೊದಲು ಮಾಟದ ಮನೆಯೆಂದರು; ಪ್ರಭುತ್ವ ಅದನ್ನು ಸಂಚಿನ ಮನೆಯೆಂದು ಶಂಕಿಸಿತು. ಮುಚ್ಚಿದ ಬಾಗಿಲು ಎರಡು ಸಲವೂ ತಪ್ಪು ತಿಳಿವಳಿಕೆಗೆ ಎಡೆಮಾಡಿತು. ಆದರೆ ಬಾಗಿಲನ್ನು ಮುಚ್ಚಿಕೊಂಡವರಿಗೂ ಅದರಲ್ಲಿ ಪಾಲಿಲ್ಲದಿಲ್ಲ.

ಲಾಡ್ಜಿನ ಹೆಸರು ಇಂದು ಉಳಿದಿರುವುದು ಮುಖ್ಯವಾಗಿ ಸಾಹಿತ್ಯದಿಂದ. ಹಾಗೆ ಉಳಿದುದು ಇದ್ದಂತೆಯೇ ಉಳಿದಿಲ್ಲ ಎಂಬುದನ್ನು ದಾಖಲೆಗಳು ತೋರಿಸುತ್ತವೆ. ಬೆರಳೆಣಿಕೆಯ ಭಾರತೀಯರಿದ್ದ, ಬಹುಪಾಲು ಇಂಗ್ಲಿಷರ ಒಂದು ಕೂಟ ಕವಿಯ ನೆನಪಿನಲ್ಲಿ ಸರ್ವಮತಗಳ ಮನೆಯಾಯಿತು. ಸಾಮ್ರಾಜ್ಯದ ಕವಿಯೆಂದೇ ಹೆಸರಾದವನು, ಮನುಷ್ಯರು ಸಮನಾಗಿ ಕುಳಿತ ಸ್ಥಳವೊಂದನ್ನು ನೆನೆಯಬೇಕಾದಾಗ ತಿರುಗಿದುದು ಕ್ಲಬ್ಬಿನ ಕಡೆಗಲ್ಲ, ಕಚೇರಿಯ ಕಡೆಗಲ್ಲ, ಹತ್ತೊಂಬತ್ತು ತಿಂಗಳು ಕಂಡ ಈ ಬೋಳುಗೋಡೆಯ ಸಭಾಗೃಹದ ಕಡೆಗೆ. ಆ ಹಂಬಲ ಅವನ ಸಾಹಿತ್ಯದ ಅಧ್ಯಯನಕ್ಕೆ ಅಮೂಲ್ಯವಾದ ಸಾಕ್ಷ್ಯ. ಲಾಹೋರಿನ ಚರಿತ್ರೆಯನ್ನು ಬರೆಯುವವರು ಮಾತ್ರ ಅದರ ಜೊತೆಗೆ ಕಲ್ಕತ್ತೆಯ ಬಾಗಿಲಲ್ಲಿ ಒಂಬತ್ತು ವರ್ಷ ಕಾದವನನ್ನೂ, ಔತಣದ ಮೇಜಿನಲ್ಲಿ ಬರಿದಾದ ತಟ್ಟೆಯ ಮುಂದೆ ಕುಳಿತು ಮಾತಾಡಿ ಹಸಿವಿನಲ್ಲಿ ಮನೆಗೆ ಮರಳಿದ ಹೆಸರಿಲ್ಲದ ಸೋದರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರು ಕವಿತೆ ಬರೆಯಲಿಲ್ಲ. ಅವರ ನೆನಪು ಹೇಗಿತ್ತೆಂಬುದು ಯಾವ ನಡವಳಿ ಪುಸ್ತಕದಲ್ಲಿಯೂ ದಾಖಲಾಗುವ ಬಗೆಯದಲ್ಲ.